ತೆಳ್ಳಗೆ ಮಾಡಿದ್ರೆ ಸಾಕಾ? ಐರನ್ ಸೆಲೆನೈಡ್‌ನ ಒಂದೇ ಪದರ ಮತ್ತು ಸೂಪರ್‌ಕಂಡಕ್ಟಿವಿಟಿ

ಕಬ್ಬಿಣ, ಸೆಲೆನಿಯಂ ಎರಡನ್ನೂ ಸಮಸಮ ಸೇರಿಸಿದ್ರೆ ಐರನ್ ಸೆಲೆನೈಡ್ ಆಗುತ್ತೆ. ಇದನ್ನ ಗಟ್ಟಿ ಹರಳಾಗಿ ತಗೊಂಡ್ರೆ ಸುಮಾರು 8-9 ಕೆಲ್ವಿನ್‌ಗೆ, ಅಂದ್ರೆ ಮೈನಸ್ 264 ಡಿಗ್ರಿ ಆಸುಪಾಸಿಗೆ ಸೂಪರ್‌ಕಂಡಕ್ಟರ್ ಆಗುತ್ತೆ, ಕರೆಂಟ್ ಹರಿಯೋಕೆ ಅಡ್ಡಿ ಅನ್ನೋದೇ ಇರಲ್ಲ. ಅದೇ ವಸ್ತುವನ್ನ ಒಂದೇ ಒಂದು ಪದರವಾಗಿ ಸ್ಟ್ರಾನ್ಷಿಯಂ ಟೈಟನೇಟ್ ಅನ್ನೋ ಹರಳಿನ ಮೇಲೆ ಬೆಳೆಸಿದ್ರೆ 60 ಕೆಲ್ವಿನ್ ದಾಟಿದ್ಮೇಲೂ ಸೂಪರ್‌ಕಂಡಕ್ಟಿವಿಟಿಯ ಗುರುತು ಕಾಣಿಸುತ್ತೆ. ಹತ್ರ ಹತ್ರ ಏಳು ಪಟ್ಟು ಜಾಸ್ತಿ.

ಇದನ್ನ ನೋಡಿ "ತೆಳ್ಳಗಾದಷ್ಟೂ ಒಳ್ಳೇದು" ಅಂತ ತುಂಬಾ ಜನ ಬರೀತಾರೆ, ಸೈನ್ಸ್ ನ್ಯೂಸ್ ಹೆಡ್‌ಲೈನ್‌ಗಳೂ ಹಾಗೇ ಬರ್ತವೆ. ಆದ್ರೆ ಅದೇ ಒಂದು ಪದರವನ್ನ ಗ್ರಾಫೀನ್ ಅನ್ನೋ ಇಂಗಾಲದ ತೆಳು ಹಾಳೆ ಮೇಲೆ ಬೆಳೆಸಿ ನೋಡಿದಾಗ ಟೆಂಪರೇಚರ್ ಏರೋದಿರಲಿ, ಇದ್ದ ಸೂಪರ್‌ಕಂಡಕ್ಟಿವಿಟಿಯೂ ಹೋಯ್ತು, 2 ಕೆಲ್ವಿನ್ ಹತ್ತಿರದವರೆಗೆ ತಣ್ಣಗೆ ಮಾಡಿದ್ರೂ ಸಿಗಲಿಲ್ಲ. ವಸ್ತು ಅದೇ, ದಪ್ಪ ಅದೇ, ಫಲಿತಾಂಶ ಮಾತ್ರ ತದ್ವಿರುದ್ಧ. ಹಾಗಾಗಿ ದಪ್ಪ ಒಂದನ್ನೇ ಹಿಡ್ಕೊಂಡು ಮಾತಾಡಿದ್ರೆ ಈ ಕಥೆ ಅರ್ಥ ಆಗಲ್ಲ. ನನ್ನ ಪ್ರಕಾರ ಇದನ್ನ ನೋಡೋ ಸರಿಯಾದ ರೀತಿ ಏನಂದ್ರೆ, ತೆಳ್ಳಗೆ ಮಾಡೋದು ತಾನಾಗೇ ಸೂಪರ್‌ಕಂಡಕ್ಟಿವಿಟಿಯನ್ನ ಕೆಡಿಸುತ್ತೆ, ಅದನ್ನ ಮೇಲಕ್ಕೆತ್ತೋದು ಹೊರಗಿಂದ ಬರೋ ಎಲೆಕ್ಟ್ರಾನ್‌ಗಳು ಮತ್ತೆ ಕೆಳಗಿರೋ ಹರಳು, ಆ ಹೊರಗಿನ ಪ್ರಭಾವ ಫಿಲ್ಮ್‌ನ, ಅಂದ್ರೆ ಹರಳಿನ ಮೇಲೆ ಬೆಳೆಸಿದ ತೆಳು ಹೊದಿಕೆಯ, ಎಷ್ಟು ಭಾಗಕ್ಕೆ ತಲುಪುತ್ತೆ ಅನ್ನೋದನ್ನ ಮಾತ್ರ ದಪ್ಪ ತೀರ್ಮಾನ ಮಾಡುತ್ತೆ.

ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. 1911ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ಸ್ ಪಾದರಸವನ್ನ ಸುಮಾರು 4 ಕೆಲ್ವಿನ್‌ಗೆ ಇಳಿಸಿದಾಗ ರೆಸಿಸ್ಟೆನ್ಸ್ ಮಾಯವಾಗಿದ್ದು ಕಂಡಿತ್ತು. 1986-87ರಲ್ಲಿ ತಾಮ್ರದ ಆಕ್ಸೈಡ್‌ಗಳು ಬಂದ್ವು, ಅದರಲ್ಲಿ ಇಟ್ರಿಯಂ ಇರೋ ಒಂದು ವಸ್ತು 90 ಕೆಲ್ವಿನ್ ದಾಟಿತು, ದ್ರವ ನೈಟ್ರೋಜನ್‌ನ 77 ಕೆಲ್ವಿನ್ ಗಡಿ ಮೊದಲ ಸಲ ಮುರೀತು. ಆಗ ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ 1987ರಲ್ಲೇ ಆ ವಸ್ತುವನ್ನ ತಯಾರಿಸಿ ಅದರ ಗುಣಗಳನ್ನ ಪ್ರಕಟಿಸಿತ್ತು. ಕಬ್ಬಿಣದ ಸರದಿ ಬರೋಕೆ ಇನ್ನೂ ಎರಡು ದಶಕ ಹಿಡೀತು, ಯಾಕಂದ್ರೆ ಕಬ್ಬಿಣ ಅಂದ್ರೆ ಮ್ಯಾಗ್ನೆಟ್, ಮ್ಯಾಗ್ನೆಟಿಸಂಗೂ ಸೂಪರ್‌ಕಂಡಕ್ಟಿವಿಟಿಗೂ ಎಣ್ಣೆ-ಸೀಗೆಕಾಯಿ ಸಂಬಂಧ ಅಂತಾನೇ ಎಲ್ಲರೂ ನಂಬಿದ್ರು. 2008ರಲ್ಲಿ ಟೋಕಿಯೋದ ಹಿಡಿಯೊ ಹೊಸೊನೊ ತಂಡ ಕಬ್ಬಿಣ-ಆರ್ಸೆನಿಕ್ ಪದರಗಳಿರೋ ವಸ್ತುವಲ್ಲಿ 26 ಕೆಲ್ವಿನ್ ತೋರಿಸಿದ್ಮೇಲೆ ಆ ನಂಬಿಕೆ ಬಿದ್ದೋಯ್ತು, ಅದೇ ವರ್ಷ ಚೀನಾದ ಲ್ಯಾಬ್‌ಗಳು ಅದನ್ನ 55 ಕೆಲ್ವಿನ್‌ವರೆಗೆ ತಗೊಂಡು ಹೋದ್ರು. ಅದೇ ವರ್ಷವೇ ತೈವಾನ್‌ನಲ್ಲಿ ಮಾವ್-ಕುಯೆನ್ ವು ತಂಡ ಐರನ್ ಸೆಲೆನೈಡ್ 8 ಕೆಲ್ವಿನ್‌ಗೆ ಸೂಪರ್‌ಕಂಡಕ್ಟರ್ ಆಗುತ್ತೆ ಅಂತ ತೋರಿಸ್ತು.

8 ಕೆಲ್ವಿನ್ ಅಂದ್ರೆ ಹೇಳಿಕೊಳ್ಳೋವಷ್ಟು ದೊಡ್ಡ ನಂಬರ್ ಅಲ್ಲ, ಆದ್ರೆ ಈ ವಸ್ತುವಿನ ರಚನೆ ಅಷ್ಟು ಸರಳ ಇರೋದ್ರಿಂದ ಎಲ್ಲರ ಕಣ್ಣೂ ಅದರ ಮೇಲೆ ಬಿತ್ತು. ಒಂದು ಪದರ ಅಂದ್ರೆ ಸೆಲೆನಿಯಂ, ಕಬ್ಬಿಣ, ಮತ್ತೆ ಸೆಲೆನಿಯಂ, ಹೀಗೆ ಮೂರು ಸಾಲು ಪರಮಾಣುಗಳು, ದಪ್ಪ ಸುಮಾರು 0.55 ನ್ಯಾನೋಮೀಟರ್. ಇಂಥ ಪದರಗಳನ್ನ ಒಂದರ ಮೇಲೊಂದು ಪೇರಿಸ್ತಾ ಹೋದ್ರೆ ಹರಳು ರೆಡಿ, ನಡುವೆ ಬೇರೆ ಯಾವ ವಸ್ತುವೂ ಇಲ್ಲ. ಇದನ್ನ ವಾತಾವರಣದ ಒತ್ತಡದ ಸುಮಾರು 90 ಸಾವಿರ ಪಟ್ಟು ಒತ್ತಿದ್ರೆ ಟಿಸಿ, ಅಂದ್ರೆ ಸೂಪರ್‌ಕಂಡಕ್ಟಿವಿಟಿ ಶುರುವಾಗೋ ಟೆಂಪರೇಚರ್, 37 ಕೆಲ್ವಿನ್‌ವರೆಗೆ ಹೋಗುತ್ತೆ ಅನ್ನೋದು 2009ರಲ್ಲೇ ಗೊತ್ತಾಗಿತ್ತು. ಅಂದ್ರೆ ಇದರೊಳಗೆ ಇನ್ನೂ ಏನೋ ಶಕ್ತಿ ಅಡಗಿದೆ, ಅದನ್ನ ಹೊರಗೆ ತರೋ ದಾರಿ ಬೇಕು ಅಷ್ಟೇ ಅಂತ ಆಗಲೇ ಅನ್ನಿಸಿತ್ತು.

ಈಗ ಫಿಲ್ಮ್ ತೆಳ್ಳಗೆ ಮಾಡಿದ್ರೆ ಸಾಮಾನ್ಯವಾಗಿ ಏನಾಗುತ್ತೆ ಅಂತ ನೋಡೋಣ, ಇದು ಗೊತ್ತಿಲ್ದೆ ಹೋದ್ರೆ ಸ್ಟ್ರಾನ್ಷಿಯಂ ಟೈಟನೇಟ್ ಮೇಲೆ 2012ರಲ್ಲಿ ಕಂಡ ಆಶ್ಚರ್ಯ ಎಷ್ಟು ದೊಡ್ಡದು ಅಂತ ಗೊತ್ತಾಗಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ ಗೋಲ್ಡ್‌ಮನ್ ತಂಡ 1989ರಲ್ಲಿ ಬಿಸ್ಮತ್ ಫಿಲ್ಮ್‌ಗಳನ್ನ ಚೂರು ಚೂರೇ ದಪ್ಪ ಮಾಡ್ತಾ ಅಳೆದು ನೋಡ್ತು, ತೀರಾ ತೆಳ್ಳಗಿದ್ದಾಗ ಅದು ಸೂಪರ್‌ಕಂಡಕ್ಟರ್ ಆಗೋದಿರಲಿ, ತಣ್ಣಗಾದ ಹಾಗೆ ಇನ್ಸುಲೇಟರ್ ಕಡೆಗೇ ತಿರುಗ್ತಿತ್ತು, ಒಂದು ಮಟ್ಟದ ದಪ್ಪ ದಾಟಿದ್ಮೇಲೆ ಮಾತ್ರ ರೆಸಿಸ್ಟೆನ್ಸ್ ಕೆಳಗಿಳಿಯೋಕೆ ಶುರುವಾಯ್ತು. ನಿಯೋಬಿಯಂ ಡೈಸೆಲೆನೈಡ್ ಅನ್ನೋ ಇನ್ನೊಂದು ಪದರ ಪದರದ ವಸ್ತು ಗಟ್ಟಿಯಾಗಿದ್ದಾಗ 7 ಕೆಲ್ವಿನ್, ಒಂದೇ ಪದರ ಆದಾಗ 3 ಕೆಲ್ವಿನ್. ಕಾರಣಗಳು ಒಂದೆರಡಲ್ಲ. ತೆಳ್ಳಗಿದ್ದಾಗ ಮೇಲ್ಮೈ ಮತ್ತು ಅಲ್ಲಿನ ದೋಷಗಳ ಪಾಲು ಜಾಸ್ತಿ ಆಗುತ್ತೆ, ಎಲೆಕ್ಟ್ರಾನ್‌ಗಳ ಮಧ್ಯದ ವಿಕರ್ಷಣೆಯನ್ನ ಮರೆಮಾಚೋಕೆ ಸುತ್ತಮುತ್ತ ಸಾಕಷ್ಟು ಎಲೆಕ್ಟ್ರಾನ್ ಇರಲ್ಲ, ಜೊತೆಗೆ ಎರಡೇ ಆಯಾಮದಲ್ಲಿ ಇಡೀ ಫಿಲ್ಮ್ ಒಂದೇ ಲಯದಲ್ಲಿ ಇರೋದೂ ಕಷ್ಟ. ಸೀಸದ ಫಿಲ್ಮ್‌ನಲ್ಲಂತೂ ಪದರ ಒಂದೊಂದೇ ಹೆಚ್ಚಾದ ಹಾಗೆ ಟಿಸಿ ಮೇಲೆ ಕೆಳಗೆ ಓಲಾಡುತ್ತೆ, ಅದನ್ನ 2004ರಲ್ಲಿ ತೋರಿಸಿದ್ದು ಚೀನಾದ ಶ್ವೆ ಚೀಕುನ್ ಅವರ ತಂಡ. ಈ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತೆ.

ಐರನ್ ಸೆಲೆನೈಡ್ ಕೂಡ ತನ್ನ ಪಾಡಿಗೆ ಬಿಟ್ರೆ ಇದೇ ನಿಯಮ ಪಾಲಿಸುತ್ತೆ. ಶ್ವೆ ತಂಡವೇ 2011ರಲ್ಲಿ ಗ್ರಾಫೀನ್ ಮೇಲೆ ಇದರ ಫಿಲ್ಮ್ ಬೆಳೆಸಿ, ಪದರಗಳು ಕಡಿಮೆಯಾದಷ್ಟೂ ಟಿಸಿ ಇಳಿಯುತ್ತೆ ಅಂತ ತೋರಿಸ್ತು. ಗ್ರಾಫೀನ್ ಇಲ್ಲಿ ಪಾಪದ ಸಬ್‌ಸ್ಟ್ರೇಟ್ (ಫಿಲ್ಮ್ ಬೆಳೆಯೋಕೆ ಕೆಳಗಿರೋ ಆಧಾರ), ಮೇಲಿರೋ ಪದರಕ್ಕೆ ಅಂಟೋದೂ ಕಮ್ಮಿ, ಎಲೆಕ್ಟ್ರಾನ್ ಕೊಡೋದೂ ಕಮ್ಮಿ, ಹಾಗಾಗಿ ಅಲ್ಲಿ ಕಾಣಿಸಿದ್ದು ಬರೀ ದಪ್ಪದ ಪರಿಣಾಮ ಅಂತ ಹೇಳಬಹುದು. ಗಟ್ಟಿ ಹರಳಿಂದ ಟೇಪ್ ಹಾಕಿ ಕಿತ್ತು ತೆಗೆದ ತೆಳು ಚೂರುಗಳಲ್ಲೂ ಅಷ್ಟೇ, ತೆಳ್ಳಗಾಗ್ತಾ ಹೋದ ಹಾಗೆ ಟಿಸಿ ಕೆಳಗೇ ಹೋಗುತ್ತೆ. ಕಥೆಯ ಈ ಅರ್ಧ ಹೆಡ್‌ಲೈನ್‌ಗೆ ಬರಲ್ಲ, ಆದ್ರೆ ಇದು ಬರದೇ ಇದ್ರೆ ಇನ್ನರ್ಧಕ್ಕೆ ಅರ್ಥವೇ ಇಲ್ಲ.

ಈಗ 2012ಕ್ಕೆ ಬರೋಣ. ಬೀಜಿಂಗ್‌ನ ಚಿಂಗ್‌ಹುವಾ ವಿಶ್ವವಿದ್ಯಾಲಯದಲ್ಲಿ ಶ್ವೆ ತಂಡ ಗ್ರಾಫೀನ್ ಬದಲು ಸ್ಟ್ರಾನ್ಷಿಯಂ ಟೈಟನೇಟ್ ಹರಳು ತಗೊಂಡ್ರು. ಈ ಕೆಲಸ ಹೇಗೆ ನಡೆಯುತ್ತೆ ಅನ್ನೋದನ್ನ ಸ್ವಲ್ಪ ಹತ್ತಿರದಿಂದ ನೋಡಬೇಕು. ಸ್ಟೀಲ್ ಚೇಂಬರ್ ಒಳಗೆ ಗಾಳಿಯ ಅಂಶವೇ ಇಲ್ಲ ಅನ್ನೋಷ್ಟು ವ್ಯಾಕ್ಯೂಮ್ ಮಾಡಿ, ಮೊದಲು ಆ ಹರಳನ್ನ ಸೆಲೆನಿಯಂ ಆವಿಯಲ್ಲಿ 900 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸ್ತಾರೆ, ಮೇಲ್ಮೈ ಕ್ಲೀನಾಗಿ ಮೆಟ್ಟಿಲು ಮೆಟ್ಟಿಲಾಗಿ ಸಪಾಟಾಗುತ್ತೆ. ಆಮೇಲೆ 400-450 ಡಿಗ್ರಿಗೆ ಇಳಿಸಿ ಎರಡು ಬೇರೆ ಬೇರೆ ಪುಟ್ಟ ಕುಲುಮೆಗಳಿಂದ ಕಬ್ಬಿಣ ಮತ್ತೆ ಸೆಲೆನಿಯಂ ಆವಿ ಬಿಡ್ತಾರೆ, ಸೆಲೆನಿಯಂ ಬೇಕಂತಲೇ ಹತ್ತಾರು ಪಟ್ಟು ಹೆಚ್ಚು, ಯಾಕಂದ್ರೆ ಅಂಟದೇ ಉಳಿದದ್ದು ಆ ಬಿಸಿಗೆ ಮತ್ತೆ ಹಾರಿಹೋಗುತ್ತೆ, ಕಬ್ಬಿಣ ಎಷ್ಟು ಬಿತ್ತು ಅನ್ನೋದೇ ಪದರ ಎಷ್ಟು ಬೆಳೀತು ಅನ್ನೋದನ್ನ ನಿರ್ಧರಿಸುತ್ತೆ. ಇಷ್ಟೆಲ್ಲ ಮಾಡಿ ಬೆಳೆದ ಪದರ ಇನ್ನೂ ಸೂಪರ್‌ಕಂಡಕ್ಟರ್ ಅಲ್ಲ! ಅದನ್ನ ಅದೇ ವ್ಯಾಕ್ಯೂಮ್‌ನಲ್ಲಿ ಇನ್ನೂ ಸ್ವಲ್ಪ ಹೆಚ್ಚಿನ ಬಿಸಿಯಲ್ಲಿ ಗಂಟೆಗಟ್ಟಲೆ ಕಾಯಿಸಿಡಬೇಕು, ಆಗ ಹೆಚ್ಚುವರಿ ಸೆಲೆನಿಯಂ ಹೋಗುತ್ತೆ, ಕೆಳಗಿನ ಹರಳಿಂದ ಆಕ್ಸಿಜನ್ ಸ್ವಲ್ಪ ಕಳಚಿಕೊಳ್ಳುತ್ತೆ, ಅಲ್ಲಿಂದ ಎಲೆಕ್ಟ್ರಾನ್‌ಗಳು ಮೇಲಿನ ಪದರಕ್ಕೆ ಬರ್ತವೆ. ಕಾಯಿಸೋಕೆ ಮುಂಚೆಯೂ ಕಾಯಿಸಿದ್ಮೇಲೂ ದಪ್ಪ 0.55 ನ್ಯಾನೋಮೀಟರೇ. ಬದಲಾಗಿದ್ದು ಎಲೆಕ್ಟ್ರಾನ್ ಲೆಕ್ಕ.

ಈ ಪದರದ ಮೇಲೆ ಟನಲಿಂಗ್ ಮೈಕ್ರೋಸ್ಕೋಪ್‌ನ ಸೂಜಿ ಇಟ್ಟು ಅಳೆದಾಗ ಸುಮಾರು 20 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಗ್ಯಾಪ್ ಕಾಣಿಸ್ತು. ಸೂಪರ್‌ಕಂಡಕ್ಟರ್‌ನಲ್ಲಿ ಎಲೆಕ್ಟ್ರಾನ್‌ಗಳು ಜೋಡಿ ಜೋಡಿಯಾಗಿ ಹರಿಯುತ್ವೆ, ಗ್ಯಾಪ್ ಅಂದ್ರೆ ಆ ಜೋಡಿ ಒಡೆಯೋಕೆ ಬೇಕಾದ ಶಕ್ತಿಯ ಅಳತೆ ಅಂತ ಇಟ್ಕೊಳ್ಳಿ. ಗಟ್ಟಿ ಹರಳಲ್ಲಿ ಇದು 2.2 ಅಷ್ಟೇ, ಅದಕ್ಕೆ 9 ಕೆಲ್ವಿನ್ ಟಿಸಿ. ಅದೇ ಅನುಪಾತ ಹಿಡಿದ್ರೆ 20ಕ್ಕೆ 80 ಕೆಲ್ವಿನ್ ಚಿಲ್ಲರೆ ಬರುತ್ತೆ, ದ್ರವ ನೈಟ್ರೋಜನ್ ಗಡಿ ದಾಟಿದ ಹಾಗಾಯ್ತು. ಜಗತ್ತಿನ ಲ್ಯಾಬ್‌ಗಳೆಲ್ಲ ಇದರ ಹಿಂದೆ ಬಿದ್ದಿದ್ದು ಈ ಲೆಕ್ಕದಿಂದಲೇ. ಮುಂದಿನ ವರ್ಷದೊಳಗೆ ಬೆಳಕು ಹಾಯಿಸಿ ಎಲೆಕ್ಟ್ರಾನ್ ಹೊರತೆಗೆದು ಅಳೆಯೋ ವಿಧಾನದಲ್ಲಿ, ಬೀಜಿಂಗ್ ಮತ್ತು ಶಾಂಘೈ ತಂಡಗಳು ಗ್ಯಾಪ್ ಸುಮಾರು 65 ಕೆಲ್ವಿನ್‌ಗೆ ಮುಚ್ಚಿಕೊಳ್ಳುತ್ತೆ ಅಂತ ತೋರಿಸಿದ್ರು.

ಆದ್ರೆ ಅದೇ 2012ರ ಪ್ರಯೋಗದಲ್ಲಿ ಇನ್ನೊಂದು ವಿಷಯ ಇತ್ತು, ನನಗೆ ಗ್ಯಾಪ್‌ಗಿಂತ ಅದೇ ಹೆಚ್ಚು ಮುಖ್ಯ ಅನ್ಸುತ್ತೆ. ಫಿಲ್ಮ್‌ನಲ್ಲಿ ಕೆಲವು ಕಡೆ ಒಂದು ಪದರ, ಪಕ್ಕದಲ್ಲೇ ಎರಡು ಪದರ ಇದ್ದ ಜಾಗ ಇತ್ತು. ಒಂದು ಪದರದ ಮೇಲೆ ಸೂಜಿ ಇಟ್ರೆ ದೊಡ್ಡ ಗ್ಯಾಪ್, ಮೆಟ್ಟಿಲು ಹತ್ತಿ ಎರಡನೇ ಪದರದ ಮೇಲೆ ಇಟ್ರೆ ಏನೂ ಇಲ್ಲ. ಸೂಪರ್‌ಕಂಡಕ್ಟಿವಿಟಿ ನಿಧಾನಕ್ಕೆ ಕಡಿಮೆ ಆಗಲಿಲ್ಲ, ಅರ್ಧ ನ್ಯಾನೋಮೀಟರ್‌ನಲ್ಲಿ ಕತ್ತರಿಸಿದ ಹಾಗೆ ನಿಂತೇ ಹೋಯ್ತು. ದಪ್ಪ ಅನ್ನೋದು ಮೆಲ್ಲಗೆ ಬದಲಾಗೋ ಒಂದು ಗುಣ ಆಗಿದ್ರೆ ಹೀಗೆ ಆಗೋಕೆ ಸಾಧ್ಯ ಇರಲಿಲ್ಲ. ಎಲೆಕ್ಟ್ರಾನ್ ರಚನೆ ನೋಡಿದಾಗ ಕಾರಣ ಸಿಕ್ತು: ಮೊದಲ ಪದರದಲ್ಲಿ ನೂರು ಕಬ್ಬಿಣದ ಪರಮಾಣುಗೆ ಸುಮಾರು ಹತ್ತು-ಹನ್ನೆರಡು ಎಲೆಕ್ಟ್ರಾನ್ ಹೆಚ್ಚುವರಿ ಇವೆ, ಎರಡನೇ ಪದರಕ್ಕೆ ಅವು ಹೆಚ್ಚುಕಮ್ಮಿ ತಲುಪೋದೇ ಇಲ್ಲ. ಗಟ್ಟಿ ಹರಳಲ್ಲಿ ಎಲೆಕ್ಟ್ರಾನ್ ಗುಂಪು, ಹೋಲ್ (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗ) ಗುಂಪು ಎರಡೂ ವಹನದಲ್ಲಿ ಭಾಗವಹಿಸ್ತವೆ, ಮೊದಲ ಪದರದಲ್ಲಿ ಹೋಲ್ ಗುಂಪು ಕೆಳಗೆ ಮುಳುಗಿ ಬರೀ ಎಲೆಕ್ಟ್ರಾನ್ ಗುಂಪು ಉಳಿಯುತ್ತೆ. ಈ ಎರಡು ಗುಂಪುಗಳ ಮಧ್ಯದ ಒಡನಾಟದಿಂದಲೇ ಕಬ್ಬಿಣದ ವಸ್ತುಗಳಲ್ಲಿ ಜೋಡಿ ಆಗುತ್ತೆ ಅಂತ ಅಲ್ಲಿವರೆಗೆ ಕಟ್ಟಿದ್ದ ಥಿಯರಿಗೆ ಇದು ದೊಡ್ಡ ಪೆಟ್ಟು. ಇನ್ನು ಎಲೆಕ್ಟ್ರಾನ್ ಸಿಗದ ಎರಡು, ಮೂರು ಪದರದ ಫಿಲ್ಮ್‌ಗಳಲ್ಲಿ ಬೇರೆಯದೇ ವ್ಯವಸ್ಥೆ ಮೇಲುಗೈ ಪಡೆಯುತ್ತೆ. ಹರಳಿನ ಎರಡು ದಿಕ್ಕುಗಳು ಒಂದೇ ಥರ ಇರದೇ ಹೋಗೋದು, ನೆಮ್ಯಾಟಿಕ್ ಅಂತಾರೆ ಇದನ್ನ. ಗಟ್ಟಿ ಹರಳಲ್ಲಿ ಇದು 90 ಕೆಲ್ವಿನ್ ಹತ್ರ ಶುರುವಾಗುತ್ತೆ, ತೆಳು ಫಿಲ್ಮ್‌ಗಳಲ್ಲಿ ಅದಕ್ಕಿಂತ ಮೇಲೇ ಶುರುವಾಗುತ್ತೆ, ಅಂದ್ರೆ ತೆಳ್ಳಗಾದಾಗ ಇದೂ ಜೋರಾಗುತ್ತೆ.

ಹಾಗಾದ್ರೆ ಕೆಳಗಿನ ಹರಳು ಬಿಟ್ಟು ಬೇರೆ ದಾರಿಯಿಂದ ಎಲೆಕ್ಟ್ರಾನ್ ಕೊಟ್ರೆ? ಇದು ಸರಿಯಾದ ಪ್ರಶ್ನೆ, ಇದಕ್ಕೆ ಚೆನ್ನಾಗಿ ಉತ್ತರ ಕೊಟ್ಟಿದ್ದು ಜಪಾನ್‌ನ ಸೆಂಡಾಯ್‌ನಲ್ಲಿರೋ ತೊಹೊಕು ವಿಶ್ವವಿದ್ಯಾಲಯ. ಅಲ್ಲಿನ ಒಂದು ತಂಡ 2015ರಲ್ಲಿ ಹಲವು ಪದರದ ಫಿಲ್ಮ್‌ಗಳ ಮೇಲೆ ಪೊಟ್ಯಾಸಿಯಂ ಪರಮಾಣು ಉದುರಿಸ್ತು. ಪೊಟ್ಯಾಸಿಯಂ ತನ್ನ ಎಲೆಕ್ಟ್ರಾನ್ ಸುಲಭವಾಗಿ ಬಿಟ್ಟುಕೊಡುತ್ತೆ, ಸೂಪರ್‌ಕಂಡಕ್ಟಿವಿಟಿ ಇಲ್ಲದಿದ್ದ ಮೂರು ಪದರದ ಫಿಲ್ಮ್ 48 ಕೆಲ್ವಿನ್ ಹತ್ತಿರಕ್ಕೆ ಹೋಯ್ತು. ಇನ್ನೊಂದು ತಂಡ ಮಾಡಿದ್ದು ಇನ್ನೂ ಜಾಣತನದ ಪ್ರಯೋಗ, 2016ರಲ್ಲಿ ಪ್ರಕಟ ಆಯ್ತು. ಅವರು ಫಿಲ್ಮ್ ಮೇಲೆ ಅಯಾನಿಕ್ ಲಿಕ್ವಿಡ್ ಅನ್ನೋ ದ್ರವ ಹಾಕಿ ವೋಲ್ಟೇಜ್ ಕೊಟ್ರು. ಟೆಂಪರೇಚರ್ ಸ್ವಲ್ಪ ಹೆಚ್ಚಿದ್ದಾಗ ಆ ದ್ರವ ಫಿಲ್ಮ್‌ನ ಮೇಲ್ಪದರಗಳನ್ನ ಕರಗಿಸಿ ತಿಂದು ಹಾಕುತ್ತೆ, ಕಡಿಮೆ ಮಾಡಿದ್ರೆ ಕರಗಿಸೋದು ನಿಲ್ಲುತ್ತೆ, ಬರೀ ಎಲೆಕ್ಟ್ರಾನ್‌ಗಳನ್ನ ಮೇಲ್ಮೈಗೆ ಎಳೆಯೋ ಕೆಲಸ ಮಾತ್ರ ಮಾಡುತ್ತೆ. ಹೀಗೆ ಒಂದೇ ಸ್ಯಾಂಪಲ್‌ನಲ್ಲಿ ಸ್ವಲ್ಪ ಕರಗಿಸೋದು, ತಣ್ಣಗೆ ಮಾಡಿ ಅಳೆಯೋದು, ಮತ್ತೆ ಸ್ವಲ್ಪ ಕರಗಿಸೋದು, ಮತ್ತೆ ಅಳೆಯೋದು. ಬೇರೆ ಬೇರೆ ದಪ್ಪದ ಬೇರೆ ಬೇರೆ ಫಿಲ್ಮ್ ಹೋಲಿಸೋವಾಗ ಯಾವುದು ಚೆನ್ನಾಗಿ ಬೆಳೆದಿತ್ತು ಯಾವುದು ಬೆಳೆದಿರಲಿಲ್ಲ ಅನ್ನೋ ಗೊಂದಲ ಇರುತ್ತಲ್ಲ, ಅದು ಇಲ್ಲಿ ಬಹುಮಟ್ಟಿಗೆ ಹೋಯ್ತು. ಕೆಲವೇ ನ್ಯಾನೋಮೀಟರ್‌ಗೆ ಇಳಿದ ಹಾಗೆ 40 ಕೆಲ್ವಿನ್ ಸೂಪರ್‌ಕಂಡಕ್ಟಿವಿಟಿ ಎದ್ದು ಬಂತು, ಅದೂ ಸ್ಟ್ರಾನ್ಷಿಯಂ ಟೈಟನೇಟ್ ಮೇಲೆ ಮಾತ್ರ ಅಲ್ಲ, ಮೆಗ್ನೀಸಿಯಂ ಆಕ್ಸೈಡ್ ಮೇಲೂ ಬಂತು. ಚೀನಾದ ಹೆಫೆಯಲ್ಲಿ ಟೇಪ್‌ನಿಂದ ಕಿತ್ತ ಚೂರುಗಳಿಗೆ ವೋಲ್ಟೇಜ್ ಮೂಲಕ ಎಲೆಕ್ಟ್ರಾನ್ ತುಂಬಿದ ತಂಡಕ್ಕೂ ಸಿಕ್ಕಿದ್ದು 48 ಕೆಲ್ವಿನ್. ಪದರಗಳ ನಡುವೆ ಬೇರೆ ಪರಮಾಣು ಅಥವಾ ಅಣು ತೂರಿಸಿ ಮಾಡಿದ ಗಟ್ಟಿ ಹರಳುಗಳು 30ರಿಂದ 40 ಚಿಲ್ಲರೆ.

ಈ ನಂಬರ್‌ಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಎಲೆಕ್ಟ್ರಾನ್ ಕೊಡೋ ದಾರಿ ಯಾವುದೇ ಇರಲಿ, ಪೊಟ್ಯಾಸಿಯಂ ಇರಲಿ, ದ್ರವ ಇರಲಿ, ಒಳಗೆ ತೂರಿಸಿದ ಅಣು ಇರಲಿ, ಎಲ್ಲಾ 40ರ ಆಸುಪಾಸಲ್ಲೇ ಬಂದು ನಿಲ್ಲುತ್ತೆ, 50 ದಾಟೋಕೆ ಒದ್ದಾಡುತ್ತೆ. ಇದರಲ್ಲಿ ಕೆಲವು ಗಟ್ಟಿ ಹರಳುಗಳೇ, ಅಂದ್ರೆ ಅಲ್ಲಿವರೆಗೆ ಹೋಗೋಕೆ ತೆಳ್ಳಗಿರಲೇಬೇಕು ಅಂತಾನೂ ಇಲ್ಲ! ಸ್ಟ್ರಾನ್ಷಿಯಂ ಟೈಟನೇಟ್ ಮೇಲಿನ ಒಂದು ಪದರದಲ್ಲಿ ಮಾತ್ರ ಗ್ಯಾಪ್ 60-70ರವರೆಗೆ ತೆರೆದೇ ಇರುತ್ತೆ. ಆ ಕೊನೆಯ 15-20 ಕೆಲ್ವಿನ್ ಎಲ್ಲಿಂದ ಬಂತು ಅನ್ನೋದೇ ಇವತ್ತಿಗೂ ನಡೀತಿರೋ ನಿಜವಾದ ಚರ್ಚೆ.

2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಝಿ-ಶುನ್ ಶೆನ್ ತಂಡ ಒಂದು ಸುಳಿವು ಕೊಡ್ತು. ಆ ಒಂದು ಪದರದ ಎಲೆಕ್ಟ್ರಾನ್ ಬ್ಯಾಂಡ್‌ಗಳ (ಎಲೆಕ್ಟ್ರಾನ್‌ಗಳು ಇರಬಹುದಾದ ಶಕ್ತಿಯ ಪಟ್ಟಿಗಳ) ಕೆಳಗೆ, ಸರಿಯಾಗಿ 100 ಮಿಲಿ ಎಲೆಕ್ಟ್ರಾನ್‌ವೋಲ್ಟ್ ದೂರದಲ್ಲಿ, ಅದೇ ಬ್ಯಾಂಡ್‌ನ ಮಸುಕಾದ ನಕಲು ಕಾಣಿಸ್ತು. ಸ್ಟ್ರಾನ್ಷಿಯಂ ಟೈಟನೇಟ್‌ನಲ್ಲಿ ಆಕ್ಸಿಜನ್ ಪರಮಾಣುಗಳು ಅಲುಗಾಡೋ ಒಂದು ಕಂಪನದ ಶಕ್ತಿಯೂ ಹೆಚ್ಚುಕಮ್ಮಿ ಅಷ್ಟೇ. ಅಂದ್ರೆ ಮೇಲಿನ ಪದರದ ಎಲೆಕ್ಟ್ರಾನ್ ಕೆಳಗಿನ ಹರಳಿನ ಕಂಪನದ ಜೊತೆ ಬೆಸೆದುಕೊಂಡಿದೆ, ಆ ಕಂಪನವೇ ಜೋಡಿಯಾಗೋಕೆ ಹೆಚ್ಚುವರಿ ಸಹಾಯ ಮಾಡ್ತಿದೆ ಅನ್ನೋದು ಅವರ ವಾದ. ಎರಡನೇ ಪದರದಲ್ಲಿ ಆ ನಕಲು ಕಾಣಿಸಲಿಲ್ಲ, ದೂರ ಹೋದ ಹಾಗೆ ಕಂಪನದ ವಿದ್ಯುತ್ ಕ್ಷೇತ್ರ ಕುಗ್ಗುತ್ತೆ ಅನ್ನೋದಕ್ಕೂ ಇದು ಹೊಂದುತ್ತೆ. ಇದನ್ನ ಒಪ್ಪದವರೂ ಇದ್ದಾರೆ. ಕೆನಡಾದ ಜಾರ್ಜ್ ಸವಾಟ್ಸ್ಕಿ ಮತ್ತು ಸಹೋದ್ಯೋಗಿಗಳು 2018ರಲ್ಲಿ, ಎಲೆಕ್ಟ್ರಾನ್ ಫಿಲ್ಮ್‌ನಿಂದ ಹೊರಗೆ ಹಾರಿ ಹೋಗೋವಾಗ ದಾರಿಯಲ್ಲಿ ಆ ಕಂಪನಕ್ಕೆ ಒಂದಷ್ಟು ಶಕ್ತಿ ಕಳ್ಕೊಂಡ್ರೂ ಇದೇ ನಕಲು ಕಾಣಿಸುತ್ತೆ, ಅದಕ್ಕೂ ಒಳಗಿನ ಜೋಡಿಗೂ ಸಂಬಂಧ ಇರಬೇಕಾಗಿಲ್ಲ ಅಂದ್ರು. ನನಗೆ ಶೆನ್ ತಂಡದ ಕಡೆಗೇ ಒಲವು ಜಾಸ್ತಿ, ಯಾಕಂದ್ರೆ ಬರೀ ಎಲೆಕ್ಟ್ರಾನ್ ಕೊಟ್ಟಾಗ 40ರಲ್ಲಿ ನಿಲ್ಲೋದು ಇಷ್ಟು ಬೇರೆ ಬೇರೆ ಪ್ರಯೋಗಗಳಲ್ಲಿ ಒಂದೇ ಥರ ಬಂದಿದೆ, ಅದರ ಮೇಲಿನ 15-20 ಕೆಲ್ವಿನ್‌ಗೆ ಇಂಟರ್‌ಫೇಸ್ (ಪದರವೂ ಕೆಳಗಿನ ಹರಳೂ ಸೇರೋ ಗಡಿ) ಬಿಟ್ಟು ಬೇರೆ ಕಾರಣ ಸುಲಭಕ್ಕೆ ಕಾಣಿಸಲ್ಲ. ಆದ್ರೂ ಸವಾಟ್ಸ್ಕಿ ಎತ್ತಿದ ಪ್ರಶ್ನೆ ಸಣ್ಣದಲ್ಲ, ನಕಲು ಬ್ಯಾಂಡ್ ಒಂದನ್ನೇ ಸಾಕ್ಷಿ ಅಂತ ಇಟ್ಕೊಂಡು ಕೂತ್ರೆ ವಾದ ಗಟ್ಟಿ ಆಗಲ್ಲ.

ಎಳೆತದ ಬಗ್ಗೆಯೂ ಒಂದು ಮಾತು, ಯಾಕಂದ್ರೆ ಮೊದಮೊದಲು ಹಲವರು ಅದನ್ನೇ ಕಾರಣ ಅಂದುಕೊಂಡಿದ್ರು. ಐರನ್ ಸೆಲೆನೈಡ್‌ನ ಪರಮಾಣು ಚೌಕದ ಅಳತೆ 3.77 ಆಂಗ್‌ಸ್ಟ್ರಾಂ, ಸ್ಟ್ರಾನ್ಷಿಯಂ ಟೈಟನೇಟ್‌ದು 3.905, ಹಾಗಾಗಿ ಮೇಲಿನ ಪದರ ಮೂರೂವರೆ ಪರ್ಸೆಂಟ್‌ನಷ್ಟು ಹಿಗ್ಗೋಕೆ ನೋಡುತ್ತೆ. ಆದ್ರೆ ಆಮೇಲೆ ಬೇರಿಯಂ ಟೈಟನೇಟ್, ಬೇರೆ ಬೇರೆ ರೂಪದ ಟೈಟಾನಿಯಂ ಆಕ್ಸೈಡ್, ಹೀಗೆ ಅಳತೆ ಸಾಕಷ್ಟು ಬೇರೆ ಇರೋ ಹರಳುಗಳ ಮೇಲೂ ಹೆಚ್ಚುಕಮ್ಮಿ ಅಂಥದ್ದೇ ದೊಡ್ಡ ಗ್ಯಾಪ್ ಬಂತು, ಹಾಗಾಗಿ ಎಳೆತ ಮುಖ್ಯ ಪಾತ್ರಧಾರಿ ಅಲ್ಲ ಅಂತಾಯ್ತು. ಅದೇ ಸ್ವಲ್ಪ ದಪ್ಪ ಇರೋ ಫಿಲ್ಮ್‌ಗಳ ವಿಷಯಕ್ಕೆ ಬಂದ್ರೆ ಎಳೆತವೇ ಮುಖ್ಯ ಆಗಿಬಿಡುತ್ತೆ. ಸೆಲೆನಿಯಂ ಜಾಗದಲ್ಲಿ ಅರ್ಧ ಟೆಲ್ಲೂರಿಯಂ ಇರೋ ಫಿಲ್ಮ್‌ಗಳನ್ನ ಇಟಲಿಯ ಜಿನೋವಾ ತಂಡ 2010ರಲ್ಲಿ ಬೆಳೆಸಿದಾಗ, ಅದು ಪಕ್ಕಕ್ಕೆ ಒತ್ತಿಕೊಂಡಷ್ಟೂ ಟಿಸಿ ಏರಿ, ಸುಮಾರು 200 ನ್ಯಾನೋಮೀಟರ್ ದಪ್ಪದಲ್ಲಿ 21 ಕೆಲ್ವಿನ್ ಮುಟ್ಟಿತು. ಗಟ್ಟಿ ಹರಳಿಗಿಂತ ಜಾಸ್ತಿ, ಅದೂ ಅಷ್ಟೊಂದು ದಪ್ಪದಲ್ಲಿ. ಇಲ್ಲಿ ದಪ್ಪ ಕೆಲಸ ಮಾಡ್ತಿರೋದು ಎಲೆಕ್ಟ್ರಾನ್ ಮೂಲಕ ಅಲ್ಲ, ಹರಳಿನ ಅಳತೆ ಬದಲಾಗೋ ಮೂಲಕ. ಒಂದೇ ಕುಟುಂಬದ ಎರಡು ವಸ್ತು, ಎರಡರಲ್ಲೂ ದಪ್ಪಕ್ಕೂ ಟಿಸಿಗೂ ಸಂಬಂಧ ಇದೆ, ಆದ್ರೆ ಕಾರಣ ಪೂರ್ತಿ ಬೇರೆ.

ಇನ್ನು ಟಿಸಿ ಅನ್ನೋ ನಂಬರ್ ಬಗ್ಗೆ. ಇಲ್ಲಿವರೆಗೆ 65 ಅಂದೆ, ಅದು ಗ್ಯಾಪ್ ಮುಚ್ಚೋ ಟೆಂಪರೇಚರ್. ರೆಸಿಸ್ಟೆನ್ಸ್ ಸೊನ್ನೆ ಆಗೋ ಟೆಂಪರೇಚರ್ ಅದಲ್ಲ. ಅಮೆರಿಕದ ಕಾರ್ನೆಲ್‌ನಲ್ಲಿ 2021ರಲ್ಲಿ ಒಂದೇ ಫಿಲ್ಮ್‌ನಲ್ಲಿ ಎರಡನ್ನೂ, ಗಾಳಿಗೆ ತೆಗೆಯದೇ, ವ್ಯಾಕ್ಯೂಮ್ ಒಳಗೇ ಅಳೆದ್ರು. ಗ್ಯಾಪ್ 70 ಕೆಲ್ವಿನ್ ಆಸುಪಾಸಲ್ಲೇ ತೆರೆಯೋಕೆ ಶುರುವಾಗುತ್ತೆ, ಆದ್ರೆ ರೆಸಿಸ್ಟೆನ್ಸ್ ಪೂರ್ತಿ ಸೊನ್ನೆ ಆಗೋದು 30 ಕೆಲ್ವಿನ್‌ಗಿಂತ ಕೆಳಗೆ. ನಡುವೆ 40 ಕೆಲ್ವಿನ್ ಅಂತರ! ಕೋಲಾಟದಲ್ಲಿ ಎಲ್ಲರಿಗೂ ಜೊತೆಗಾರರು ಸಿಕ್ಕಿ ಅಲ್ಲಲ್ಲೇ ಕೋಲು ಬಡೀತಿದ್ರೂ ಇಡೀ ಸುತ್ತು ಒಂದೇ ತಾಳಕ್ಕೆ ಬರದಿದ್ರೆ ಆಟ ಸಾಗಲ್ಲ, ಹಾಗೇ ಇಲ್ಲಿ ಎಲೆಕ್ಟ್ರಾನ್‌ಗಳು 70ರಲ್ಲೇ ಜೋಡಿಯಾದ್ರೂ ಆ ಜೋಡಿಗಳೆಲ್ಲ ಒಂದೇ ಲಯಕ್ಕೆ ಬರೋದು 30ರ ಕೆಳಗೆ. ದಪ್ಪ ಫಿಲ್ಮ್‌ನಲ್ಲಿ ಮೇಲೆ ಕೆಳಗೆ ಇರೋ ಪದರಗಳೂ ಈ ಲಯ ಹಿಡಿದಿಡೋಕೆ ಸಹಾಯ ಮಾಡ್ತವೆ, ಒಂದೇ ಪದರದಲ್ಲಿ ಆ ಆಸರೆ ಇಲ್ಲ, ಪುಟ್ಟ ಪುಟ್ಟ ಸುಳಿಗಳು ಹುಟ್ಟಿ ಲಯ ಕೆಡಿಸ್ತವೆ. ಎರಡು ಆಯಾಮದ ಈ ಸುಳಿಗಳ ಥಿಯರಿಗೇ ಕೋಸ್ಟರ್ಲಿಟ್ಜ್ ಮತ್ತು ಥೌಲೆಸ್ 2016ರ ನೊಬೆಲ್ ಹಂಚಿಕೊಂಡಿದ್ದು. ಹೀಗೆ ತೆಳ್ಳಗಿರೋದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಳ್ಳುತ್ತೆ. ಇಂಟರ್‌ಫೇಸ್ ಹತ್ತಿರ ಇರೋದ್ರಿಂದ ಜೋಡಿ ಗಟ್ಟಿ, ಒಂದೇ ಪದರ ಆಗಿರೋದ್ರಿಂದ ಲಯ ಸಡಿಲ.

2015ರಲ್ಲಿ ಶಾಂಘೈ ಜಿಯಾವೊ ತೊಂಗ್ ವಿಶ್ವವಿದ್ಯಾಲಯದ ತಂಡ ನಾಲ್ಕು ಸೂಜಿಗಳನ್ನ ನೇರ ಫಿಲ್ಮ್ ಮೇಲೆ ಇಟ್ಟು ಅಳೆದು 100 ಕೆಲ್ವಿನ್ ದಾಟಿದ ಸೂಪರ್‌ಕಂಡಕ್ಟಿವಿಟಿ ವರದಿ ಮಾಡ್ತು. ಇಂಟರ್‌ನೆಟ್‌ನಲ್ಲಿ ಈಗಲೂ ಓಡಾಡೋ "100 ಕೆಲ್ವಿನ್ ಐರನ್ ಸೆಲೆನೈಡ್" ಅನ್ನೋ ಮಾತು ಅಲ್ಲಿಂದ ಬಂದಿದ್ದು. ಬೇರೆ ಲ್ಯಾಬ್‌ಗಳ ರೆಸಿಸ್ಟೆನ್ಸ್ ಅಳತೆಗಳು ಇದರ ಹತ್ತಿರಕ್ಕೂ ಬಂದಿಲ್ಲ, ಆದ್ದರಿಂದ ಇದನ್ನ ಒಂದು ಬಿಡಿ ವರದಿ ಅಂತ ಇಟ್ಕೊಳ್ಳೋದೇ ಸರಿ, ಈ ವಸ್ತುವಿನ ಟಿಸಿ 100 ಅಂತ ಬರೆಯೋದು ತಪ್ಪು. 2023ರಲ್ಲಿ ರೂಮ್ ಟೆಂಪರೇಚರ್‌ನಲ್ಲೇ ಸೂಪರ್‌ಕಂಡಕ್ಟರ್ ಅಂತ ಹೇಳಿದ್ದ ಕೊರಿಯಾದ ಎಲ್‌ಕೆ-99 ಅನ್ನೋ ವಸ್ತು ಬಗ್ಗೆ ಎಷ್ಟು ಗಲಾಟೆ ಆಯ್ತು, ಕೊನೆಗೆ ಕಾಪರ್ ಸಲ್ಫೈಡ್ ಕಲಬೆರಕೆಯಿಂದ ಆದ ರೆಸಿಸ್ಟೆನ್ಸ್ ಇಳಿತ ಅಂತ ಗೊತ್ತಾಯ್ತಲ್ಲ, ಆ ಪ್ರಕರಣಕ್ಕೂ ಇದಕ್ಕೂ ಹೋಲಿಕೆ ಇಲ್ಲ, ಇಲ್ಲಿ ಸೂಪರ್‌ಕಂಡಕ್ಟಿವಿಟಿ ಇರೋದು ನೂರಕ್ಕೆ ನೂರು ನಿಜ, ಎಷ್ಟು ಟೆಂಪರೇಚರ್‌ವರೆಗೆ ಅನ್ನೋದಷ್ಟೇ ಪ್ರಶ್ನೆ.

ಇದರಿಂದ ಕೇಬಲ್ ಮಾಡಬಹುದಾ ಅಂತ ಕೇಳೋರಿಗೆ ಒಂದು ಸಣ್ಣ ಲೆಕ್ಕ. ಈ ಪದರವನ್ನ ಗಾಳಿಗೆ ತೆಗೆದ್ರೆ ಹಾಳಾಗುತ್ತೆ, ಅದಕ್ಕೇ 2014ರಲ್ಲಿ ಚಿಂಗ್‌ಹುವಾ ತಂಡ ಮೇಲೆ ಐರನ್ ಟೆಲ್ಲುರೈಡ್ ಹೊದಿಸಿ ಹೊರಗೆ ತಂದು ಅಳೀತು. ರೆಸಿಸ್ಟೆನ್ಸ್ 40 ಕೆಲ್ವಿನ್ ಹತ್ರ ಬೀಳೋಕೆ ಶುರುವಾಯ್ತು, 2 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಆಗೇ ಉಳಿದು ಅದು ಹೊರಬಲ್ಲ ಕರೆಂಟ್ ಚದರ ಸೆಂಟಿಮೀಟರ್‌ಗೆ ಸುಮಾರು 17 ಲಕ್ಷ ಆಂಪಿಯರ್. ಕೇಳೋಕೆ ಭಾರಿ ದೊಡ್ಡದು. ಆದ್ರೆ ಪದರ 0.55 ನ್ಯಾನೋಮೀಟರ್, ಒಂದು ಸೆಂಟಿಮೀಟರ್ ಅಗಲದ ಪಟ್ಟಿ ತಗೊಂಡ್ರೂ ಅದರ ಅಡ್ಡಕೊಯ್ತದಲ್ಲಿ ಹಾಯೋದು 0.1 ಆಂಪಿಯರ್‌ಗಿಂತ ಕಡಿಮೆ. ಫೋನ್ ಚಾರ್ಜರ್ ವೈರ್‌ನಲ್ಲೇ ಒಂದೆರಡು ಆಂಪಿಯರ್ ಹರಿಯುತ್ತೆ. ಕೇಬಲ್‌ಗೆ, ಎಂಆರ್‌ಐ ಮ್ಯಾಗ್ನೆಟ್‌ಗೆ ಕಬ್ಬಿಣದ ಸೂಪರ್‌ಕಂಡಕ್ಟರ್ ಬೇಕಂದ್ರೆ ಅದು ದಪ್ಪ ಫಿಲ್ಮ್ ಅಥವಾ ತಂತಿ ರೂಪದ ಬೇರೆ ವಸ್ತುಗಳಿಂದಲೇ ಬರಬೇಕು, ಈ ಒಂದು ಪದರದ ಬೆಲೆ ಇರೋದು ಅದು ಕಲಿಸೋ ಪಾಠದಲ್ಲಿ.

ಆ ಪಾಠ ಈಗ ಬೇರೆ ಕಡೆ ಕೆಲಸಕ್ಕೆ ಬರ್ತಿದೆ. ಲ್ಯಾಂಥನಂ ನಿಕ್ಕಲೇಟ್ ಅನ್ನೋ ವಸ್ತು 2023ರಲ್ಲಿ ಸುಮಾರು 80 ಕೆಲ್ವಿನ್ ತೋರಿಸ್ತು, ಆದ್ರೆ ವಾತಾವರಣದ ಒತ್ತಡದ ಲಕ್ಷಕ್ಕೂ ಹೆಚ್ಚು ಪಟ್ಟು ಒತ್ತಿದಾಗ ಮಾತ್ರ. ಸ್ಟ್ಯಾನ್‌ಫರ್ಡ್‌ನ ಹೆರಾಲ್ಡ್ ಹ್ವಾಂಗ್ ತಂಡ, ಮತ್ತೆ ಶೆಂಜೆನ್‌ನಲ್ಲಿ ಅದೇ ಶ್ವೆ ಚೀಕುನ್ ಇರೋ ತಂಡ, ಅದನ್ನ ಕೆಲವೇ ನ್ಯಾನೋಮೀಟರ್ ಫಿಲ್ಮ್ ಮಾಡಿ, ಅದಕ್ಕಿಂತ ಅಳತೆ ಚಿಕ್ಕದಿರೋ ಹರಳಿನ ಮೇಲೆ ಬೆಳೆಸಿ, ಹೊರಗಿನ ಒತ್ತಡ ಏನೂ ಇಲ್ಲದೇ 40 ಕೆಲ್ವಿನ್ ಆಸುಪಾಸಲ್ಲಿ ಸೂಪರ್‌ಕಂಡಕ್ಟಿವಿಟಿ ಶುರುವಾಗೋದನ್ನ ತೋರಿಸಿದ್ರು, 2025ರಲ್ಲಿ ಅದು ಪ್ರಕಟ ಆಯ್ತು. ಅಲ್ಲಿ ದಪ್ಪ ಹೆಚ್ಚಾದ್ರೆ ಫಿಲ್ಮ್ ಆ ಒತ್ತಡವನ್ನ ಸಡಿಲಿಸಿಕೊಂಡುಬಿಡುತ್ತೆ, ಅದಕ್ಕೇ ತೆಳ್ಳಗಿರಬೇಕು. ಮತ್ತೆ ಬೇರೆಯದೇ ಕಾರಣ ನೋಡಿ.

ಐರನ್ ಸೆಲೆನೈಡ್‌ನಲ್ಲಿ ಮುಂದಿನ ಹೆಜ್ಜೆ ಏನು ಅಂತ ಬರ್ಕ್ಲಿಯ ಥಿಯರಿ ಜನ 2016ರಲ್ಲೇ ಬರೆದಿದ್ದಾರೆ. ಕೆಳಗಿನ ಒಂದು ಇಂಟರ್‌ಫೇಸ್ ಇಷ್ಟು ಸಹಾಯ ಮಾಡೋದಾದ್ರೆ ಪದರದ ಮೇಲೂ ಸ್ಟ್ರಾನ್ಷಿಯಂ ಟೈಟನೇಟ್ ಇಟ್ಟು ಎರಡೂ ಕಡೆಯಿಂದ ಹಿಡಿದ್ರೆ ಹೇಗೆ, ಹಾಗೇ ಒಂದರ ಮೇಲೊಂದು ಪೇರಿಸ್ತಾ ಹೋದ್ರೆ ಪ್ರತಿ ಪದರವೂ "ಮೊದಲ ಪದರ" ಆಗುತ್ತೆ, ದಪ್ಪವೂ ಸಿಗುತ್ತೆ, ಇಂಟರ್‌ಫೇಸೂ ಉಳಿಯುತ್ತೆ. ಕಾಗದದ ಮೇಲೆ ಸರಿಯಾಗೇ ಇದೆ. ತೊಡಕಿರೋದು ಚೇಂಬರ್ ಒಳಗೆ: ಐರನ್ ಸೆಲೆನೈಡ್ ಬೆಳೆಯೋದು 400 ಡಿಗ್ರಿ ಚಿಲ್ಲರೆಯಲ್ಲಿ, ಆಕ್ಸಿಜನ್ ತಾಗಿದ್ರೆ ಕೆಡುತ್ತೆ, ಅದರ ಮೇಲೆ ಒಳ್ಳೇ ಸ್ಟ್ರಾನ್ಷಿಯಂ ಟೈಟನೇಟ್ ಬೆಳೀಬೇಕಂದ್ರೆ ಅದಕ್ಕಿಂತ ಹೆಚ್ಚು ಬಿಸಿಯೂ ಬೇಕು, ಆಕ್ಸಿಜನ್ನೂ ಬೇಕು. ಕೆಳಗಿನ ಪದರ ಉಳಿಸಿಕೊಂಡು ಮೇಲಿನದನ್ನ ಬೆಳೆಸೋ ದಾರಿ ಯಾರಿಗಾದ್ರೂ ಸಿಕ್ಕಿದ್ರೆ ಆ ಕೊನೆಯ 15-20 ಕೆಲ್ವಿನ್ ನಿಜವಾಗ್ಲೂ ಇಂಟರ್‌ಫೇಸ್‌ದಾ ಅಲ್ವಾ ಅನ್ನೋದು ನೇರವಾಗಿ ಗೊತ್ತಾಗುತ್ತೆ.